ಶಿಫ್ಟ್ ಕೀಲಿಗೂ ಬೇಕು ಕೀಲೆಣ್ಣೆ

ನುಡಿ ತಂತ್ರಾಂಶದಲ್ಲಿ ‘ಹಳೇಬೀಡು’ ಎಂದು ಬರೆಯಲು ಏಳು ಕೀಲಿ ಒತ್ತಬೇಕು: ಎಚ್, ಎಲ್, ಇ, ಬಿ, ಐ, ಡಬ್ಲ್ಯು, ಯು. ಇವುಗಳಲ್ಲಿ ಮೂರಕ್ಕೆ ಶಿಫ್ಟ್ ಜೊತೆಯಾಗಬೇಕು. ಳಕಾರಕ್ಕೊಮ್ಮೆ, ಅದರ ದೀರ್ಘಕ್ಕೊಮ್ಮೆ, ‘ಬೀ’ಯ ದೀರ್ಘಕ್ಕೊಮ್ಮೆ. ಇದೇ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಎಂಟು ಅಕ್ಷರ, ಒಂದೇ ಶಿಫ್ಟ್. ಅದೂ ಮೊದಲಕ್ಷರ ದೊಡ್ಡದಿರಲಿ ಎಂಬ ಶಿಷ್ಟಾಚಾರಕ್ಕೆ. ಪಕ್ಕದ ಬೇಲೂರು ಆರು ಕೀಲಿಯಲ್ಲಿ ಎರಡು ಶಿಫ್ಟ್ ಕೇಳುತ್ತದೆ. ಅರಸೀಕೆರೆಯದು ಉದಾರ ಮನಸ್ಸು, ಎಂಟು ಕೀಲಿಗೆ ಒಂದೇ ಸಾಕು. ಹೊಯ್ಸಳೇಶ್ವರಕ್ಕೆ ಹನ್ನೊಂದು ಕೀಲಿಯಲ್ಲಿ ಮೂರು, ಆ ಮೂರೂ ಬೆನ್ನುಬೆನ್ನಿಗೆ. ಅದರ ಜೋಡಿಗುಡಿ ಶಾಂತಲೇಶ್ವರದ ಹೆಸರಿಗೆ ಬಂದರೆ ಹತ್ತು ಕೀಲಿಯಲ್ಲಿ ಐದಕ್ಕೆ ಶಿಫ್ಟ್ ಹಿಡಿಯಬೇಕು. ಅಂದರೆ ಅರ್ಧಕ್ಕರ್ಧ.

ಈ ಲೆಕ್ಕಕ್ಕೆ ಕಾರಣ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ. 1940ರಲ್ಲಿ ಹುಟ್ಟಿದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ, ಮುಂದೆ ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ಹೆಸರಾದ ಅವರು ಕನ್ನಡದ ವರ್ಣಮಾಲೆಯನ್ನು ಇಂಗ್ಲಿಷ್ ಕೀಬೋರ್ಡಿನ ಇಪ್ಪತ್ತಾರು ಕೀಲಿಗಳೊಳಗೇ ಕೂಡಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಎ ಎಂದರೆ ಅ, ಶಿಫ್ಟ್ ಎ ಎಂದರೆ ಆ. ಹ್ರಸ್ವ ಕೆಳಗೆ, ದೀರ್ಘ ಮೇಲೆ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಅನುಸ್ವಾರಕ್ಕೂ ಶಿಫ್ಟ್, ಣ ಮತ್ತು ಳಗಳಿಗೂ ಶಿಫ್ಟ್, ಶಕಾರಕ್ಕೂ ಶಿಫ್ಟ್. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡ ಬಲ್ಲವರು ಅರ್ಧ ಗಂಟೆಯಲ್ಲಿ ಕಲಿಯಬಹುದಾದಷ್ಟು ತರ್ಕಬದ್ಧ. ಕರ್ನಾಟಕ ಸರ್ಕಾರ ಇದನ್ನೇ ಪ್ರಮಾಣ ವಿನ್ಯಾಸವಾಗಿ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ಇದನ್ನೇ ಬಳಸಿತು, ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಇದೇ ಬೆರಳಿಗೆ ಅಂಟಿತು. ಜಾಣತನದ ಈ ಏರ್ಪಾಟಿನ ಬಾಡಿಗೆ ಕಟ್ಟುತ್ತಿರುವುದು ಮಾತ್ರ ಕಿರುಬೆರಳು ಮತ್ತು ಅದರಡಿಯ ಶಿಫ್ಟ್ ಕೀಲಿ.

‘ಬರಹ’ ತಂತ್ರಾಂಶದ ಲಿಪ್ಯಂತರ ಪದ್ಧತಿಗೆ ಹೋದರೂ ತಪ್ಪಿಸಿಕೊಳ್ಳುವಂತಿಲ್ಲ, ಅಲ್ಲಿಯೂ ಟವರ್ಗ, ಳಕಾರ, ಣಕಾರಗಳಿಗೆ ಶಿಫ್ಟೇ ಗತಿ. ಇನ್‌ಸ್ಕ್ರಿಪ್ಟ್ ವಿನ್ಯಾಸ ದೀರ್ಘಗಳ ವಿಷಯದಲ್ಲಿ ತುಸು ಕರುಣೆ ತೋರಿಸಿದರೂ ಮಹಾಪ್ರಾಣಗಳನ್ನೂ ಬಿಡಿ ಸ್ವರಗಳನ್ನೂ ಶಿಫ್ಟಿನ ಮೇಲೆಯೇ ಕೂರಿಸಿದೆ.

ಮೆಕ್ಯಾನಿಕಲ್ ಕೀಬೋರ್ಡ್ ಪ್ರಿಯರ ಲೋಕದಲ್ಲಿ ಈಗ ಒಂದು ಗೀಳು ಹಬ್ಬಿದೆ. ಉದ್ದ ಕೀಲಿಗಳ ಅಡಿಯಲ್ಲಿರುವ ಸ್ಟೆಬಿಲೈಸರ್ ಎಂಬ ತಂತಿಕಟ್ಟನ್ನು ಬಿಚ್ಚಿ, ಗ್ರೀಸ್ ಸವರಿ, ಮತ್ತೆ ಕೂಡಿಸುವುದು. ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಸದ್ದಿನದು. ಸ್ಪೇಸ್‌ಬಾರ್ ಗಲಗಲ ಎನ್ನಬಾರದು, ‘ಥಾಕ್’ ಎಂದು ತುಂಬಿದ ದನಿಯಲ್ಲಿ ಬೀಳಬೇಕು ಎಂಬುದೇ ಅವರ ಹಂಬಲ. ತಪ್ಪೇನಿಲ್ಲ. ಆದರೆ ಇಂಗ್ಲಿಷ್ ಟೈಪಿಗರ ಈ ಹಂಬಲ ಸ್ಪೇಸ್‌ಬಾರಿನ ಮೇಲೆಯೇ ನೆಟ್ಟಿದೆ. ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಳೇಬೀಡಿನಂಥ ಊರಲ್ಲಿ ಮದುವೆಯ ಕರೆಯೋಲೆಯಿಂದ ಖಾತೆ ಬದಲಾವಣೆಯ ಅರ್ಜಿಯವರೆಗೆ ದಿನವಿಡೀ ಕನ್ನಡ ಒತ್ತುವವರಿಗೆ ಗ್ರೀಸ್ ಮೊದಲು ಬೀಳಬೇಕಾದ ಜಾಗ ಬೇರೆ. ಅದು ಎರಡೂ ಬದಿಯ ಶಿಫ್ಟ್.

ಸ್ಟೆಬಿಲೈಸರ್ ಯಾಕೆ ಬೇಕೆಂಬುದು ಅಳತೆಯಲ್ಲೇ ಇದೆ. ಸಾಮಾನ್ಯ ಅಕ್ಷರದ ಕೀಲಿಯ ಜಾಗ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ಇದನ್ನು ಒಂದು ಮಾನ ಎಂದಿಟ್ಟುಕೊಂಡರೆ ಎಡ ಶಿಫ್ಟ್ 2.25 ಮಾನ, ಬಲ ಶಿಫ್ಟ್ 2.75, ಎಂಟರ್ 2.25, ಬ್ಯಾಕ್‌ಸ್ಪೇಸ್ 2, ಸ್ಪೇಸ್‌ಬಾರ್ 6.25. ಸ್ಪೇಸ್‌ಬಾರ್ ಸುಮಾರು 12 ಸೆಂಟಿಮೀಟರ್ ಉದ್ದ. ಇಷ್ಟುದ್ದದ ಕೀಲಿಯ ನಟ್ಟನಡುವೆ ಇರುವುದು ಒಂದೇ ಸ್ವಿಚ್. ತುದಿಯಲ್ಲಿ ಒತ್ತಿದರೆ ಕೀಲಿ ವಾಲುತ್ತದೆ, ಸ್ವಿಚ್ಚಿನ ಕಾಂಡ ತನ್ನ ಗೂಡಿನ ಗೋಡೆಗೆ ಒರಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಎರಡು ಮಾನ ಅಥವಾ ಅದಕ್ಕಿಂತ ಅಗಲದ ಕೀಲಿಗಳಿಗೆಲ್ಲ ಆಸರೆ ಬೇಕು. ಸಂಖ್ಯಾಫಲಕವೂ ಇರುವ ಪೂರ್ಣ ಕೀಬೋರ್ಡಿನಲ್ಲಿ ಇಂಥವು ಎಂಟು, ಸಂಖ್ಯಾಫಲಕ ಇಲ್ಲದ್ದರಲ್ಲಿ ಐದು.

ಆಸರೆಯ ರಚನೆ ನೋಡಿದರೆ ಮೆಚ್ಚುಗೆಯಾಗುತ್ತದೆ. ಕೀಲಿಯ ಎರಡು ಕಡೆ ಎರಡು ಪುಟ್ಟ ಪ್ಲಾಸ್ಟಿಕ್ ಗೂಡು. ಪ್ರತಿ ಗೂಡಿನಲ್ಲಿ ಮೇಲೆ ಕೆಳಗೆ ಜಾರುವ ಒಂದು ಕಾಂಡ. ಎರಡೂ ಕಾಂಡಗಳನ್ನು ಜೋಡಿಸುವ, ಎರಡು ತುದಿ ಮಡಚಿದ ಒಂದು ಉಕ್ಕಿನ ತಂತಿ. ಎಡಗಡೆ ಒತ್ತಿದಾಗ ಎಡದ ಕಾಂಡ ಇಳಿಯುತ್ತದೆ, ತಂತಿಯ ಎಡತೋಳನ್ನು ಎಳೆಯುತ್ತದೆ, ತಂತಿ ತನ್ನ ಅಕ್ಷದಲ್ಲಿ ಹೊರಳುತ್ತದೆ, ಹೊರಳಿದ ತಂತಿ ಬಲಗಡೆಯ ಕಾಂಡವನ್ನೂ ಅಷ್ಟೇ ಕೆಳಗೆ ಒಯ್ಯುತ್ತದೆ. ಕಾರಿನ ಎರಡು ಚಕ್ರಗಳ ನಡುವೆ ಇರುವ ಆ್ಯಂಟಿ-ರೋಲ್ ಬಾರ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಎರಡರಿಂದ 2.75 ಮಾನದವರೆಗಿನ ಎಲ್ಲ ಕೀಲಿಗಳಿಗೂ ಕಾಂಡಗಳ ನಡುವಿನ ಅಂತರ ಒಂದೇ, 24 ಮಿಲಿಮೀಟರಿಗೆ ತುಸು ಕಡಿಮೆ. ಸ್ಪೇಸ್‌ಬಾರಿಗೆ 100 ಮಿಲಿಮೀಟರ್.

ಇಲ್ಲಿಯೇ ಶಿಫ್ಟಿನ ಸಂಕಟ. ಬಲ ಶಿಫ್ಟ್ 52 ಮಿಲಿಮೀಟರ್ ಅಗಲ, ಅದರ ಆಸರೆ ನಡುವಿನ 24 ಮಿಲಿಮೀಟರಿನಲ್ಲಿ ಮಾತ್ರ. ಎರಡೂ ಪಕ್ಕ ತಲಾ 14 ಮಿಲಿಮೀಟರ್ ಆಸರೆಯ ಆಚೆ ಚಾಚಿಕೊಂಡಿದೆ. ಅಕ್ಷರಗಳ ಸಾಲಿನಿಂದ ಇಳಿದು ಬರುವ ಕಿರುಬೆರಳು ತಾಗುವುದು ನಡುಮಧ್ಯಕ್ಕಲ್ಲ, ಈ ಚಾಚಿದ ಒಳ ಅಂಚಿಗೆ. ಸ್ಪೇಸ್‌ಬಾರನ್ನು ಹೆಬ್ಬೆರಳು ತಟ್ಟಿ ಬಿಡುತ್ತದೆ. ಶಿಫ್ಟನ್ನು ಕಿರುಬೆರಳು ಒತ್ತಿ, ಇನ್ನೊಂದು ಬೆರಳು ಅಕ್ಷರ ಒತ್ತುವವರೆಗೆ ಹಿಡಿದು, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಹಿಡಿದಿರುವ ಹೊತ್ತಿನಲ್ಲಿ ಬೆರಳು ಅಲುಗಿದಂತೆಲ್ಲ ತಂತಿಯೂ ಅಲುಗುತ್ತದೆ. ಶಾಸ್ತ್ರೋಕ್ತ ಟೈಪಿಂಗಿನ ನಿಯಮದಂತೆ ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈಯ ಅಕ್ಷರಕ್ಕೆ ಎಡ ಶಿಫ್ಟ್. ಹಾಗಾಗಿ ‘ಹಳೇಬೀಡು’ ಎಂಬ ಒಂದು ಪದಕ್ಕೇ ಎಡ, ಬಲ, ಎಡ ಎಂದು ಕಿರುಬೆರಳುಗಳ ಜುಗಲಬಂದಿ ನಡೆಯಬೇಕು. ವಾಸ್ತವದಲ್ಲಿ ಬಹಳ ಮಂದಿ ಎಡ ಶಿಫ್ಟ್ ಒಂದರಿಂದಲೇ ಜೀವಮಾನ ಸಾಗಿಸುತ್ತಾರೆ. ಹಾಗೆ ಮಾಡುವವರ ಕೀಬೋರ್ಡಿನಲ್ಲಿ ಎಡ ಶಿಫ್ಟ್ ಲಡ್ಡಾಗಿರುತ್ತದೆ, ಬಲ ಶಿಫ್ಟ್ ಹೊಸದರಂತೆ ಮಿರುಗುತ್ತಿರುತ್ತದೆ.

ಗಲಗಲ ಸದ್ದು ಹುಟ್ಟುವುದು ಎಡೆಯಿಂದ. ಕಾಂಡದೊಳಗಿನ ರಂಧ್ರ ತಂತಿಯ ದಪ್ಪಕ್ಕಿಂತ ತುಸು ದೊಡ್ಡದಿರಲೇಬೇಕು, ಇಲ್ಲವಾದರೆ ತಂತಿ ಹೊರಳುವಾಗ ಬಿಗಿಯುತ್ತದೆ. ಆ ಎಡೆಯಲ್ಲಿ ಉಕ್ಕು ಪ್ಲಾಸ್ಟಿಕ್ಕಿಗೆ ಬಡಿಯುತ್ತದೆ, ಇಳಿಯುವಾಗ ಒಂದು ಸಲ, ಏರುವಾಗ ಇನ್ನೊಂದು ಸಲ. ಗೂಡಿನ ಗೋಡೆಗೆ ಕಾಂಡ ಉಜ್ಜುವುದು ಎರಡನೆಯ ಸದ್ದು, ಕಾಂಡದ ತಳ ಸರ್ಕ್ಯೂಟ್ ಹಲಗೆಗೆ ಕುಟ್ಟುವುದು ಮೂರನೆಯದು. ತಂತಿಯೇ ಸ್ವಲ್ಪ ಸೊಟ್ಟಗಿದ್ದರೆ ಒಂದು ತೋಳು ಮೊದಲು, ಇನ್ನೊಂದು ಆಮೇಲೆ ತಾಗಿ ‘ಟಿಕ್’ ಎನ್ನುತ್ತದೆ. ಈ ನಾಲ್ಕೂ ಬೇರೆ ಬೇರೆ ರೋಗ. ಎಲ್ಲಕ್ಕೂ ಗ್ರೀಸೇ ಮದ್ದು ಎಂದು ನಂಬುವುದು ಹೊಸಬರ ತಪ್ಪು. ಸೊಟ್ಟ ತಂತಿಗೆ ಎಷ್ಟು ಗ್ರೀಸ್ ಮೆತ್ತಿದರೂ ಸದ್ದು ಒಂದು ವಾರ ಸುಮ್ಮನಿದ್ದು ಮರಳಿ ಬರುತ್ತದೆ.

ಉದ್ದ ಕೀಲಿ ವಾಲದಂತೆ ನೋಡಿಕೊಳ್ಳುವ ತಲೆನೋವು ಕಂಪ್ಯೂಟರಿನ ಜೊತೆ ಬಂದದ್ದೂ ಅಲ್ಲ. ರೆಮಿಂಗ್ಟನ್, ಗೋದ್ರೆಜ್ ಕನ್ನಡ ಟೈಪ್‌ರೈಟರುಗಳ ಸ್ಪೇಸ್‌ಬಾರ್ ಎರಡು ತೋಳುಗಳ ಮೇಲೆ ಕೂತಿರುತ್ತಿತ್ತು, ಆ ತೋಳುಗಳು ಒಂದೇ ಅಡ್ಡಕಂಬಿಗೆ ಸೇರಿರುತ್ತಿದ್ದವು. ಎಲ್ಲಿ ಒತ್ತಿದರೂ ಕಂಬಿ ಹೊರಳಿ ಪಟ್ಟಿ ಸಮನಾಗಿ ಇಳಿಯುತ್ತಿತ್ತು. ಇಂದಿನ ಸ್ಟೆಬಿಲೈಸರ್ ಅದೇ ಕಂಬಿಯ ಮೊಮ್ಮಗು. ಅಂದಿನ ಶಿಫ್ಟ್ ಮಾತ್ರ ನಿಜಕ್ಕೂ ಭಾರ: ಒತ್ತಿದಾಗ ಕಾಗದ ಹೊತ್ತ ಗಾಡಿಯೋ ಅಚ್ಚಿನ ಬುಟ್ಟಿಯೋ ಇಡಿಯಾಗಿ ಸರಿಯಬೇಕಿತ್ತು. ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಗೆ ಕುಳಿತ ತಲೆಮಾರಿನ ಕಿರುಬೆರಳುಗಳಿಗೆ ಆ ಭಾರ ಗೊತ್ತು. ಗೋದ್ರೆಜ್ ಟೈಪ್‌ರೈಟರ್ ತಯಾರಿಕೆ 2009ರ ಹೊತ್ತಿಗೆ ನಿಂತಿತು. ಆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರ ಕಸುಬಿನ ಒಂದು ನಿಯಮ ಮಾತ್ರ ಇಂದಿಗೂ ಹಳತಾಗಿಲ್ಲ. ಅಚ್ಚುಕಡ್ಡಿಗಳು ಸಾಲಾಗಿ ಕೂರುವ ಬಿಲ್ಲಿನಾಕಾರದ ಭಾಗಕ್ಕೆ ಎಣ್ಣೆ ಬಿಡಕೂಡದು, ಬಿಟ್ಟರೆ ಧೂಳು ಕುಡಿದು ಅಂಟಾಗುತ್ತದೆ ಎಂಬ ನಿಯಮ. ಎಲ್ಲಿ ಎಣ್ಣೆ ಹಾಕಬಾರದು ಎಂದು ತಿಳಿದಿರುವುದೇ ಆ ಕಸುಬಿನ ಮುಕ್ಕಾಲು ಪಾಲು.

ಈಗ ಗ್ರೀಸಿಗೆ ಬರೋಣ. ಕೀಬೋರ್ಡ್ ಪ್ರಿಯರ ಬಾಯಲ್ಲಿ ಸದಾ ಓಡಾಡುವ ಹೆಸರು ಕ್ರೈಟಾಕ್ಸ್ 205 ಜಿ ಸೊನ್ನೆ. ಡ್ಯುಪಾಂಟ್ ಕಂಪನಿ ಬೆಳೆಸಿ, 2015ರಲ್ಲಿ ಕೆಮೋರ್ಸ್ ಎಂಬ ಕಂಪನಿಯಾಗಿ ಬೇರ್ಪಟ್ಟ ವಿಭಾಗದ ಪಾಲಾದ ಗ್ರೀಸುಗಳ ಬಳಗ ಇದು. ವಿಮಾನ, ಬಾಹ್ಯಾಕಾಶ ಯಂತ್ರಗಳಿಗೆಂದು ಹುಟ್ಟಿದ್ದು. ಒಳಗಿರುವುದು ಫ್ಲೋರಿನ್ ತುಂಬಿದ ಒಂದು ಜಾತಿಯ ಎಣ್ಣೆ ಮತ್ತು ಅದನ್ನು ಗಟ್ಟಿ ಮಾಡುವ ಪಿಟಿಎಫ್‌ಇ ಪುಡಿ. ಅಂಟದ ದೋಸೆ ಕಾವಲಿಯ ಲೇಪವೂ ಈ ಪಿಟಿಎಫ್‌ಇಯೇ. ಹೆಸರಿನ ಕೊನೆಯ ಸೊನ್ನೆ ಗ್ರೀಸಿನ ಗಟ್ಟಿತನದ ದರ್ಜೆ. ವಾಹನದ ಚಕ್ರದ ಬೇರಿಂಗಿಗೆ ಹಾಕುವ ಗ್ರೀಸಿನ ದರ್ಜೆ ಸಾಮಾನ್ಯವಾಗಿ ಎರಡು. ಸೊನ್ನೆ ಅದಕ್ಕಿಂತ ಬಹಳ ಮೆತ್ತಗೆ, ಹರಿಯಲು ಮನಸ್ಸು ಮಾಡಿ ನಿಂತಂತಿರುವ ಹದ. ಇದು ಆರಿ ಹೋಗುವುದಿಲ್ಲ, ಹಳಸುವುದಿಲ್ಲ, ಪ್ಲಾಸ್ಟಿಕ್ಕನ್ನು ಕೆಡಿಸುವುದಿಲ್ಲ. ಬೆಲೆ ಮಾತ್ರ ಗ್ರಾಂ ಲೆಕ್ಕದಲ್ಲಿ ಕೊಳ್ಳುವಷ್ಟು.

ಎರಡನೆಯದು ಡೈಎಲೆಕ್ಟ್ರಿಕ್ ಗ್ರೀಸ್, ಅಂದರೆ ವಿದ್ಯುತ್ ಹರಿಸದ ಸಿಲಿಕೋನ್ ಗ್ರೀಸ್. ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸ್ಪಾರ್ಕ್ ಪ್ಲಗ್ ಟೋಪಿಗೆ ಹಚ್ಚಲು ಸಿಗುವ ಅದೇ ಟ್ಯೂಬ್. ಇದು ಹೆಚ್ಚು ಗಟ್ಟಿ, ಹೆಚ್ಚು ಜಿಗುಟು. ತಂತಿಯ ತುದಿಗೆ ಹೇಳಿ ಮಾಡಿಸಿದ್ದು. ತಂತಿತುದಿಯ ಗ್ರೀಸಿನ ಕೆಲಸ ನುಣುಪು ಕೊಡುವುದಕ್ಕಿಂತ ಮಿಗಿಲಾಗಿ ಎಡೆ ತುಂಬುವುದು. ಉಕ್ಕು ಪ್ಲಾಸ್ಟಿಕ್ಕಿಗೆ ಬಡಿಯಲು ಹೊರಟಾಗ ನಡುವಿನ ಗ್ರೀಸ್ ಪಕ್ಕಕ್ಕೆ ಸರಿಯಬೇಕು, ಸರಿಯಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಬಡಿತದ ರಭಸ ಕರಗುತ್ತದೆ. ಗೂಡಿನ ಗೋಡೆಗೆ ಬೇಕಾದದ್ದು ಇದರ ವಿರುದ್ಧ ಗುಣ: ತೆಳುಪದರ, ಸಲೀಸಾದ ಜಾರಿಕೆ. ಒಂದೇ ಕೀಲಿಯೊಳಗೆ ಎರಡು ಬಗೆಯ ಗ್ರೀಸ್ ಯಾಕೆ ಎಂಬ ಪ್ರಶ್ನೆಗೆ ಇದೇ ಉತ್ತರ. ಡಿಟಿಪಿ ಅಂಗಡಿಯ ಶಿಫ್ಟಿಗೆ ಕ್ರೈಟಾಕ್ಸ್ ಇಲ್ಲದೆಯೂ ನಡೆಯುತ್ತದೆ. ತಂತಿಗೆ ಸಿಲಿಕೋನ್ ಗ್ರೀಸ್ ಹಾಕಿ, ಗೋಡೆಗೆ ಅದನ್ನೇ ಬೆರಳು ಒರೆಸಿದಷ್ಟು ತೆಳುವಾಗಿ ಸವರಿದರೆ ಮುಕ್ಕಾಲು ಫಲ ಸಿಕ್ಕೀತು.

ಅರಸೀಕೆರೆ ಸೀಮೆಯವರ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ತೆಂಗಿನ ತೋಟ, ಕೊಬ್ಬರಿ ಮಂಡಿಗಳ ಊರು. ಬಾಗಿಲ ತಿರುಗಣಿ ಕಿರುಗುಟ್ಟಿದರೂ ಹೊಲಿಗೆ ಯಂತ್ರ ಬಿಗಿದರೂ ಬಾಟಲಿ ಎದ್ದು ಬರುತ್ತದೆ. ಕೀಬೋರ್ಡಿನ ಹತ್ತಿರ ಅದನ್ನು ತರಬೇಡಿ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಸಮುದ್ರಮಟ್ಟಕ್ಕಿಂತ ಬಹಳ ಎತ್ತರದ ಹಾಸನ ಜಿಲ್ಲೆಯ ಡಿಸೆಂಬರ್ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗೆ. ಬಾಟಲಿಯಲ್ಲಿ ಬೆಣ್ಣೆಯಾದ ಎಣ್ಣೆ ಸ್ಟೆಬಿಲೈಸರಿನಲ್ಲೂ ಬೆಣ್ಣೆಯೇ ಆಗುತ್ತದೆ, ಕೀಲಿ ಅರ್ಧಕ್ಕೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದು ನೀರಾಗಿ ತೆವಳಿ ಸ್ವಿಚ್ಚಿನ ಲೋಹದ ಎಲೆಗೆ ತಲುಪುತ್ತದೆ. ವರ್ಷ ಕಳೆದರೆ ಕಮಟುತ್ತದೆ.

ಹರಳೆಣ್ಣೆಯ ಜಾತಿ ಬೇರೆ. ಅದು ಕೊಬ್ಬರಿ ಎಣ್ಣೆಗಿಂತ ಹಲವು ಪಟ್ಟು ಮಂದ, ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಲೋಹಕ್ಕೆ ಅಂಟಿ ನಿಲ್ಲುತ್ತದೆ. ಎತ್ತಿನಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಗೆ ಅದೇ ಆಧಾರ. ಸುಟ್ಟ ಹುಲ್ಲಿನ ಮಸಿ ಬೆರೆಸಿ ಹದವಾಗಿ ಗಟ್ಟಿ ಮಾಡಿ, ಗಾಡಿಯ ಮೂಕಿಗೆ ಜೋತುಬಿಟ್ಟ ಕೊಳವೆಯಲ್ಲಿ ತುಂಬಿಡುತ್ತಿದ್ದರು. ಎಣ್ಣೆಗೆ ನುಣ್ಣನೆ ಪುಡಿ ಬೆರೆಸಿ ಹರಿಯದಂತೆ ಕಟ್ಟುವ ಈ ಉಪಾಯಕ್ಕೂ ಕ್ರೈಟಾಕ್ಸ್ ಎಣ್ಣೆಗೆ ಪಿಟಿಎಫ್‌ಇ ಬೆರೆಸುವ ಉಪಾಯಕ್ಕೂ ತತ್ವದಲ್ಲಿ ವ್ಯತ್ಯಾಸ ಕಡಿಮೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಓಡಿದ್ದೂ ಹರಳೆಣ್ಣೆಯಲ್ಲೇ, ಕ್ಯಾಸ್ಟ್ರಾಲ್ ಎಂಬ ಎಣ್ಣೆ ಕಂಪನಿಯ ಹೆಸರಿನಲ್ಲಿ ಹರಳೆಣ್ಣೆಯ ಇಂಗ್ಲಿಷ್ ಹೆಸರು ಇಂದಿಗೂ ಕೂತಿದೆ. ಇಷ್ಟಾದರೂ ಕೀಬೋರ್ಡಿಗೆ ಇದೂ ಸಲ್ಲ. ಗಾಡಿಯವನು ನಾಲ್ಕು ದಿನಕ್ಕೊಮ್ಮೆ ಹೊಸ ಕೀಲೆಣ್ಣೆ ಹಚ್ಚುತ್ತಿದ್ದ. ಸ್ಟೆಬಿಲೈಸರಿಗೆ ವರ್ಷಗಟ್ಟಲೆ ಯಾರೂ ಕೈ ಹಾಕುವುದಿಲ್ಲ. ಗಾಳಿಗೆ ತೆರೆದಿಟ್ಟ ಹರಳೆಣ್ಣೆ ಅಷ್ಟರಲ್ಲಿ ಅಂಟುರಾಳವಾಗಿರುತ್ತದೆ.

ಡಬ್ಲ್ಯುಡಿ-40 ಸಿಂಪಡಿಸುವವರೂ ಇದ್ದಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ಕಂಡುಹಿಡಿದದ್ದು ಅದು. ಬಹುಪಾಲು ಆವಿಯಾಗುವ ದ್ರಾವಕ. ಇದ್ದಬದ್ದ ಗ್ರೀಸನ್ನೂ ತೊಳೆದು ಹೋಗುತ್ತದೆ.

ನುಣುಪಿನ ವಿಷಯ ಬಂದಾಗ ಹಳೇಬೀಡಿನವರಿಗೆ ಹೇಳಿಕೊಡಬೇಕಾದದ್ದು ಹೆಚ್ಚೇನಿಲ್ಲ, ಊರ ತುಂಬ ನುಣುಪಿನ ಕಲ್ಲೇ ಇದೆ. ಸುಮಾರು 1121ರಲ್ಲಿ ಕಟ್ಟತೊಡಗಿದ ಹೊಯ್ಸಳೇಶ್ವರ, 2023ರಲ್ಲಿ ಬೇಲೂರು ಮತ್ತು ಸೋಮನಾಥಪುರಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಗುಡಿ, ಜನ ಬಳಪದ ಕಲ್ಲು ಎನ್ನುವ ಕ್ಲೋರೈಟ್ ಶಿಸ್ಟಿನದು. ಕ್ಲೋರೈಟ್ ಮತ್ತು ಬಳಪದ ಮುಖ್ಯ ಖನಿಜವಾದ ಟಾಲ್ಕ್ ಎರಡೂ ಹಾಳೆಯ ಮೇಲೆ ಹಾಳೆ ಜೋಡಿಸಿದಂಥ ರಚನೆಯವು. ಟಾಲ್ಕಿನಲ್ಲಿ ಹಾಳೆಗಳ ನಡುವಿನ ಬಂಧ ಎಷ್ಟು ಸಡಿಲವೆಂದರೆ ಬೆರಳಿನಿಂದ ಉಜ್ಜಿದರೇ ಜಾರುತ್ತವೆ. ಖನಿಜಗಳ ಗಡಸುತನದ ಮೋಸ್ ಮಾಪಕದಲ್ಲಿ ಅದರದ್ದು ತೀರಾ ಕೆಳಗಿನ ಸ್ಥಾನ, ಒಂದು. ಟಾಲ್ಕ್ ಪುಡಿ ಸ್ವತಃ ಒಂದು ಒಣ ನುಣುಪುಕಾರಿ. ಗ್ರ್ಯಾಫೈಟೂ ಹಾಳೆಯ ಜಾರಿಕೆಯಿಂದಲೇ ಕೆಲಸ ಮಾಡುತ್ತದೆ. ಪಿಟಿಎಫ್‌ಇಯ ದಾರಿ ಬೇರೆ: ಅದರ ಅಣುಗಳು ಉದ್ದುದ್ದ ನುಣ್ಣನೆ ಸರಪಳಿಗಳು, ಒಂದರ ಪಕ್ಕ ಒಂದು ಹಿಡಿತವಿಲ್ಲದೆ ಸರಿಯುತ್ತವೆ. ಹೊಯ್ಸಳೇಶ್ವರದ ಕಲ್ಲು ಮೆದುವಾಗಿದ್ದರಿಂದಲೇ ಲೇತ್‌ನಂಥ ಯಂತ್ರದಲ್ಲಿ ತಿರುಗಿಸಿ ಬಳೆಬಳೆಯಾಗಿ ಕಡೆದ ಅಲ್ಲಿನ ಕಂಬಗಳು ಸಾಧ್ಯವಾದವು. ಊರ ಪಕ್ಕದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ಕಂಬಗಳ ಹೊಳಪಿನಲ್ಲಿ ನೋಡುವವರ ಬಿಂಬವೇ ಕಾಣುತ್ತದೆ. ಮನುಷ್ಯನಿಗಿಂತ ದಪ್ಪದ ಕಲ್ಲನ್ನು ಅಕ್ಷ ತಪ್ಪದಂತೆ ತಿರುಗಿಸಿದ ಕೈಗಳಿಗೆ ಎಡೆ, ವಾಲುವಿಕೆ, ಘರ್ಷಣೆ ಎಂಬ ಮೂರೂ ಶತ್ರುಗಳ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಕೆಲಸ ಶುರುಮಾಡುವ ಮೊದಲು ಕೇಬಲ್ ಕಳಚಿ, ಕೀಬೋರ್ಡಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಕೀಲಿಟೋಪಿಗಳನ್ನು ನೇರ ಮೇಲಕ್ಕೆ ಎಳೆಯಬೇಕು, ಓರೆ ಎಳೆದರೆ ಸ್ಟೆಬಿಲೈಸರಿನ ಕಾಂಡ ಮುರಿದೀತು. ಮುಂದಿನ ಹಾದಿ ಸ್ಟೆಬಿಲೈಸರ್ ಯಾವುದಕ್ಕೆ ಕೂತಿದೆ ಎಂಬುದನ್ನು ಅವಲಂಬಿಸಿದೆ. ಲೋಹದ ತಟ್ಟೆಗೆ ಸಿಕ್ಕಿಸಿದ್ದಾದರೆ ಸುತ್ತಲಿನ ಸ್ವಿಚ್ ಕಿತ್ತು ಮೇಲಿನಿಂದಲೇ ತೆಗೆಯಬಹುದು. ಸರ್ಕ್ಯೂಟ್ ಹಲಗೆಗೆ ಸ್ಕ್ರೂ ಹಾಕಿದ್ದಾದರೆ ಹಲಗೆಯನ್ನೇ ಹೊರತೆಗೆಯಬೇಕು. ಸ್ವಿಚ್ಚುಗಳನ್ನು ಬೆಸುಗೆ ಹಾಕಿರುವ ಕೀಬೋರ್ಡಾದರೆ ಇಡೀ ಬಿಚ್ಚುವ ಸಾಹಸ ಬೇಡ. ಸೂಜಿ ಕತ್ತರಿಸಿ ಮೊಂಡು ಮಾಡಿದ ಸಿರಿಂಜಿನಿಂದ ತಂತಿ ಒಳಹೋಗುವ ಎಡೆಗೆ ಒಂದಿಷ್ಟು ಗ್ರೀಸ್ ಊಡಿ, ಕೀಲಿಯನ್ನು ಹತ್ತಾರು ಸಲ ಒತ್ತಿ ಬಿಟ್ಟರೆ ಅದು ತಾನೇ ಒಳಗೆ ಹರಡಿಕೊಳ್ಳುತ್ತದೆ.

ಬಿಚ್ಚಿದ ಮೇಲೆ ಮೊದಲು ನೋಡಬೇಕಾದದ್ದು ಗ್ರೀಸ್ ಡಬ್ಬಿಯಲ್ಲ, ತಂತಿ. ಕಿಟಕಿಗಾಜಿನ ತುಂಡಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಅದನ್ನು ಮಲಗಿಸಿ ಒಂದು ತೋಳಿನ ಮೇಲೆ ಮೆಲ್ಲಗೆ ತಟ್ಟಬೇಕು. ಇನ್ನೊಂದು ತೋಳು ಏಳದೆ ನೆಲಕ್ಕೆ ಒರಗಿ ಮಲಗಿದ್ದರೆ ತಂತಿ ನೆಟ್ಟಗಿದೆ. ಕುಣಿದರೆ ಇಕ್ಕಳದಲ್ಲಿ ಕೂದಲೆಳೆಯಷ್ಟು ಬಾಗಿಸಿ, ಮತ್ತೆ ಮಲಗಿಸಿ, ಮತ್ತೆ ತಟ್ಟಿ ನೋಡಬೇಕು. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೊಂದೇ, ಜನ ಹಾರಿಸಿಬಿಡುವುದೂ ಇದನ್ನೇ. ಹತ್ತು ನಿಮಿಷ ಇಲ್ಲಿ ಕಳೆದವರಿಗೆ ಗ್ರೀಸ್ ಅರ್ಧ ಸಾಕಾಗುತ್ತದೆ.

ಹಳೆಯ ಚೆರಿ ಮಾದರಿಯ ಕಾಂಡಗಳ ತಳದಲ್ಲಿ ಎರಡು ಪುಟ್ಟ ಕಾಲು ಚಾಚಿರುತ್ತವೆ. ಬೀಳುವ ರಭಸ ತಗ್ಗಿಸಲೆಂದು ಇಟ್ಟದ್ದು, ಆದರೆ ಕೀಲಿ ಕೆಸರಿಗೆ ಬಿದ್ದಂಥ ಅನುಭವ ಕೊಡುತ್ತವೆ. ಉಗುರುಕತ್ತರಿಯಿಂದ ನೇರವಾಗಿ ಕತ್ತರಿಸಿ ಸಮ ಮಾಡುವುದು ರೂಢಿ. ಈಚಿನ ಹಲವು ಸ್ಟೆಬಿಲೈಸರುಗಳಲ್ಲಿ ಆ ಕಾಲುಗಳೇ ಇರುವುದಿಲ್ಲ. ಕುಟ್ಟುವ ಸದ್ದು ಇನ್ನೂ ಉಳಿದರೆ ಕಾಂಡ ಬೀಳುವ ಜಾಗದಲ್ಲಿ ಗಾಯಕ್ಕೆ ಹಚ್ಚುವ ಬಟ್ಟೆಪಟ್ಟಿಯ ಒಂದು ತುಣುಕು ಅಂಟಿಸುವವರುಂಟು. ಕೆಲವರು ಕಾಂಡದ ರಂಧ್ರದೊಳಗೇ ಅಂಥ ಪಟ್ಟಿ ಹೊಕ್ಕಿಸಿ ಎಡೆಯನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಅದು ಬಲು ಸೂಕ್ಷ್ಮದ ಕೆಲಸ, ಮೊದಲ ಸಲಕ್ಕೆ ಬೇಡ.

ಆಮೇಲೆ ಗ್ರೀಸ್. ಚಿತ್ರಕಲೆಯ ಸಣ್ಣ ಕುಂಚದ ತುದಿಯಲ್ಲಿ ಗೂಡಿನ ಒಳಗೋಡೆಗಳಿಗೆ ಹೊಳಪು ಬಂದಿತೋ ಇಲ್ಲವೋ ಎಂಬಷ್ಟು ಸವರಬೇಕು. ಬಿಳಿ ಬಣ್ಣ ಕಂಡರೆ ಹೆಚ್ಚಾಯಿತು ಎಂದರ್ಥ. ತಂತಿಯ ಎರಡು ಮಡಚು ತುದಿಗಳಿಗೆ, ತಂತಿ ಗೂಡಿಗೆ ಕಚ್ಚಿಕೊಳ್ಳುವ ಎರಡು ಜಾಗಗಳಿಗೆ ಮಾತ್ರ ಧಾರಾಳವಾಗಿ ಸಿಲಿಕೋನ್ ಗ್ರೀಸ್. ಕೂಡಿಸುವಾಗ ಎರಡೂ ಕಾಂಡ ಒಂದೇ ದಿಕ್ಕಿಗೆ ಮುಖ ಮಾಡಿವೆಯೇ, ತಂತಿ ಎರಡೂ ಕಡೆ ‘ಕಟ್’ ಎಂದು ಕಚ್ಚಿಕೊಂಡಿತೇ ನೋಡಬೇಕು. ಸ್ಕ್ರೂ ಬಿಗಿದು ಮುಗಿಸಿದ ಮೇಲೆ ಎಡವಟ್ಟು ಕಂಡುಬಂದರೆ ಮತ್ತೆ ಎಲ್ಲ ಬಿಚ್ಚಬೇಕು. ಹಾಗಾಗಿ ಜೋಡಿಸುವ ಮುನ್ನವೇ ಟೋಪಿ ಸಿಕ್ಕಿಸಿ ಪರೀಕ್ಷಿಸುವುದು ಲೇಸು. ಶಿಫ್ಟನ್ನು ಎಡ ಅಂಚಿನಲ್ಲಿ, ನಡುವೆ, ಬಲ ಅಂಚಿನಲ್ಲಿ ಒತ್ತಿ ಹಿಡಿದು ತುಸು ಅಲುಗಿಸಿ ಬಿಡಬೇಕು. ಕನ್ನಡಿಗರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿದ್ದರೆ ‘ಶಾಂತಲೇಶ್ವರ’ ಎಂದು ಹತ್ತು ಸಲ ವೇಗವಾಗಿ ಒತ್ತಲಿ.

ಗ್ರೀಸ್ ಹೆಚ್ಚಾದ ಲಕ್ಷಣ ಶಿಫ್ಟಿನಲ್ಲಿ ಬೇಗ ಗೊತ್ತಾಗುತ್ತದೆ. ಕೀಲಿ ಮೇಲೇರಲು ಸೋಮಾರಿಯಾಗುತ್ತದೆ, ಕಿರುಬೆರಳು ಎದ್ದರೂ ಶಿಫ್ಟ್ ಇನ್ನೂ ಒತ್ತಿಯೇ ಇರುತ್ತದೆ, ‘ಕೀಲಿ’ ಎಂದು ಬರೆಯಹೊರಟವರಿಗೆ ‘ಕೀಳಿ’ ಸಿಗುತ್ತದೆ. ಇಂಗ್ಲಿಷಿನಲ್ಲಿ ಇಂಥ ತಪ್ಪು ಎರಡು ದೊಡ್ಡಕ್ಷರವಾಗಿ ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಅದು ಇನ್ನೊಂದು ಅಕ್ಷರವೇ ಆಗಿ ಪದದೊಳಗೆ ಅಡಗಿ ಕೂರುತ್ತದೆ. ಕರಡು ತಿದ್ದುವವರ ಕಣ್ಣಿಗೂ ಮಣ್ಣೆರಚಿ ಅಚ್ಚಾಗಿಬಿಡಬಹುದು. ಸದ್ದಿಲ್ಲದ ಆದರೆ ನಿಧಾನದ ಶಿಫ್ಟಿಗಿಂತ ತುಸು ಗಲಗಲ ಎನ್ನುವ ಚುರುಕಿನ ಶಿಫ್ಟೇ ಕನ್ನಡಕ್ಕೆ ಮೇಲು. ಕಾಗದದ ಕರವಸ್ತ್ರದ ಮೂಲೆ ಮಡಚಿ ಗೂಡಿನ ಗೋಡೆಯ ಹೆಚ್ಚುವರಿಯನ್ನು ಒರೆಸಿ ತೆಗೆದರೆ ಚುರುಕು ಮರಳುತ್ತದೆ. ತಂತಿತುದಿಯದನ್ನು ಮುಟ್ಟುವುದು ಬೇಡ.

ಕೈತೊಳೆಯುವುದನ್ನು ಮರೆಯುವಂತಿಲ್ಲ. ಕ್ರೈಟಾಕ್ಸ್ ಮಾಮೂಲು ತಾಪದಲ್ಲಿ ಜಡ ವಸ್ತು, ಆದರೆ ಬೆರಳಿಗಂಟಿದ್ದು ಬೀಡಿ ಸಿಗರೇಟಿನ ಕೆಂಡಕ್ಕೆ ತಾಗಿ ಸುಟ್ಟರೆ ವಿಷದ ಹೊಗೆ ಬರುತ್ತದೆ. ಪ್ರಕೃತಿಯಲ್ಲಿ ಕರಗದೆ ಉಳಿಯುವ ಫ್ಲೋರಿನ್ ಸಂಯುಕ್ತಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು ಅದು. ಚರಂಡಿಗೆ ತೊಳೆದು ಬಿಡುವುದಕ್ಕಿಂತ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕುವುದು ಉಚಿತ.

ಸರ್ಕಾರಿ ಕಚೇರಿ, ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ರಬ್ಬರ್ ಗುಬ್ಬಿಯ ಅಗ್ಗದ ಕೀಬೋರ್ಡಿಗೂ ಸ್ಪೇಸ್‌ಬಾರಿನ ಅಡಿ ಇಂಥದೇ ಒಂದು ತಂತಿ ಇರುತ್ತದೆ. ಅಲ್ಲಿ ಟೋಪಿಯನ್ನು ಎತ್ತಿ ತಂತಿ ತಾಗುವ ಕೊಕ್ಕೆಗಳಿಗೆ ಕಡ್ಡಿಯ ತುದಿಯಲ್ಲಿ ಸಿಲಿಕೋನ್ ಗ್ರೀಸ್ ಮುಟ್ಟಿಸಿದರೆ ಐದು ನಿಮಿಷದ ಕೆಲಸ. ಲ್ಯಾಪ್‌ಟಾಪಿನ ಉದ್ದ ಕೀಲಿಗಳ ಅಡಿಯಲ್ಲೂ ಸಪೂರ ತಂತಿಗಳಿವೆ, ಅವುಗಳ ಕೊಕ್ಕೆ ಮುರಿದರೆ ಕೂಡಿಸುವುದು ಹರಸಾಹಸ, ಆ ತಂಟೆಗೆ ಹೋಗದಿರುವುದೇ ಕ್ಷೇಮ. ಬಸ್ಸುಗಳ ಧೂಳು ನೇರ ಮೇಜಿಗೆ ಬರುವಂಥ ರಸ್ತೆಬದಿಯ ಅಂಗಡಿಯಲ್ಲಿ ಗ್ರೀಸ್ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಕೀಬೋರ್ಡಿನ ಮೇಲೆ ಒಂದು ಬಟ್ಟೆ ಹೊದಿಸುವ ಟೈಪಿಂಗ್ ಶಾಲೆಗಳ ಅಭ್ಯಾಸ ಇಲ್ಲಿ ಗ್ರೀಸಿನಷ್ಟೇ ಉಪಕಾರಿ.

ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿ ಮಾರುವ ಮೆಕ್ಯಾನಿಕಲ್ ಕೀಬೋರ್ಡುಗಳು ಈಗ ಸಾಮಾನ್ಯವಾಗುತ್ತಿವೆ. ಆದರೆ ಆ ಗ್ರೀಸ್ ಎಷ್ಟು, ಎಲ್ಲಿ ಬಿದ್ದಿದೆ ಎಂಬುದು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಬಗೆ. ಹಾಸನದಲ್ಲೋ ಬೆಂಗಳೂರಿನಲ್ಲೋ ಅಂಗಡಿಗೆ ಹೋದಾಗ ಮಾರುವವರು ಸ್ಪೇಸ್‌ಬಾರ್ ತಟ್ಟಿ ದನಿ ಕೇಳಿಸುತ್ತಾರೆ. ಕನ್ನಡ ಒತ್ತಲು ಕೊಳ್ಳುವವರು ಅದನ್ನು ಕೇಳಿಸಿಕೊಂಡು, ಕಿರುಬೆರಳನ್ನು ಬಲ ಶಿಫ್ಟಿನ ಒಳ ಅಂಚಿಗೆ ಇಟ್ಟು, ಒತ್ತಿ, ಮೂರು ಎಣಿಸುವಷ್ಟು ಹೊತ್ತು ಹಿಡಿದು ಬಿಟ್ಟು ನೋಡಲಿ. ಎಡ ಶಿಫ್ಟಿಗೂ ಹಾಗೆಯೇ. ಎರಡರಲ್ಲಿ ಒಂದು ತಡವಾಗಿ ಎದ್ದರೆ ಇನ್ನೊಂದು ಪೆಟ್ಟಿಗೆ ತೆಗೆಸಬಹುದು.